ಸೂಜಿಗೂ ತಟ್ಟೆಗೂ ನಡುವೆ ಗುರುಸಿದ್ದಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ. ದೊಡ್ಡ ಒಲೆಯ ಮೇಲೆ ಎಸರು ಕುದಿಯುತ್ತಿದೆ, ಪಕ್ಕದ ಬಾಣಲೆಯಲ್ಲಿ ರವೆ ಹುರಿದು ಇಳಿಸಿದ್ದಾಗಿದೆ. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಹುಡುಗಿ ಅಂಗಿಯ ಅಂಚನ್ನು ಸ್ವಲ್ಪ ಮೇಲಕ್ಕೆತ್ತಿ, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಎದುರಿಗೆ ಸೌಟು ಹಿಡಿದು ನಿಂತ ಹೆಂಗಸು ರೆಪ್ಪೆ ಬಡಿಯದೆ ನೋಡುತ್ತಾರೆ. ಸೂಜಿ ಹೊರಗೆ ಬರುತ್ತದೆ.

“ಆಯ್ತಾ?”

“ಹ್ಞೂಂ.”

“ಹ್ಞೂಂ ಅಲ್ಲ ಕಣವ್ವ, ಬಾಯ್ಬುಟ್ಟು ಹೇಳು. ಏನಾಯ್ತು?”

“ಬೆಳಿಗ್ಗೇದು ಹಾಕ್ಕಂಡೆ ಅಮ್ಮ. ಒಂದೇ ಸಲ.”

ಆ ಹೆಂಗಸಿನ ಹೆಸರು ಗುರುಸಿದ್ದಮ್ಮ. ಹೊಳೆನರಸೀಪುರ ತಾಲ್ಲೂಕು ಹಳ್ಳಿಮೈಸೂರು ಹೋಬಳಿಯ ಊರೊಂದರ ಬಾಲಕಿಯರ ಹಾಸ್ಟೆಲ್ಲಿನಲ್ಲಿ ಮುಖ್ಯ ಅಡುಗೆಯವರು. ಹುಡುಗಿ ಹತ್ತನೇ ತರಗತಿ. ನಿಜವಾದ ಹೆಸರು ಬೇಡ ಎಂದು ಅವಳೇ ಹೇಳಿದ್ದರಿಂದ, ಅವಳೇ ಆರಿಸಿಕೊಟ್ಟ ಹೆಸರಲ್ಲಿ ಇಲ್ಲಿ ನಿಸರ್ಗ ಎಂದು ಕರೆಯೋಣ.

ಔಷಧಿ ಒಳಗೆ ಹೋಗಿದ್ದಾಯಿತು. ಇನ್ನು ಅರ್ಧ ಗಂಟೆಯೊಳಗೆ ನಿಸರ್ಗಳ ಮುಂದೆ ತಟ್ಟೆ ಬರಬೇಕು. ಬರದಿದ್ದರೆ ಮೈಯಲ್ಲಿನ ಸಕ್ಕರೆ ಇಳಿಯತೊಡಗುತ್ತದೆ, ಕೈ ನಡುಗುತ್ತದೆ, ಬೆವರು ಒಡೆಯುತ್ತದೆ. ಅದಕ್ಕೂ ಮೀರಿದರೆ ಪ್ರಜ್ಞೆ ಹೋಗುತ್ತದೆ. ಇವತ್ತು ಗುರುಸಿದ್ದಮ್ಮ ಎಸರಿಗೆ ರವೆ ಸುರಿಯುವ ಹೊತ್ತಿಗೇ ಒಲೆಯ ಉರಿ ಸಣ್ಣಗಾಗಿ, ನೀಲಿಯಾಗಿ, ಪುಸಕ್ಕನೆ ಆರಿಹೋಗುತ್ತದೆ. ಸಿಲಿಂಡರ್ ಖಾಲಿ. ಸಹಾಯಕಿ ಶೋಭಿತಾ ಇನ್ನೊಂದನ್ನು ಉರುಳಿಸಿಕೊಂಡು ಬರಲು ಓಡುತ್ತಾರೆ. ರೆಗ್ಯುಲೇಟರ್ ಕೂರಿಸಲು ಹೋದರೆ ವಾಷರ್ ಸರಿಯಿಲ್ಲ, ಗ್ಯಾಸ್ ವಾಸನೆ. ಗುರುಸಿದ್ದಮ್ಮ ಕಿಟಕಿ ತೆಗೆದು, ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ಮೊದಲು ಮಾಡುವ ಕೆಲಸವೆಂದರೆ ಗೊನೆಯಿಂದ ಎರಡು ಬಾಳೆಹಣ್ಣು ಕಿತ್ತು ಹುಡುಗಿಯ ಮಡಿಲಿಗೆ ಹಾಕುವುದು.

“ತಿಂತಾ ಇರು. ಉಪ್ಪಿಟ್ಟು ಬತ್ತದೆ. ಬರ್ದಿದ್ರೂ ನೀನು ತಿಂತಾ ಇರು.”

ಹೊಸ ವಾಷರ್ ಹಾಕಿ ಒಲೆ ಹಚ್ಚಿದ ಮೇಲೆ ಉಪ್ಪಿಟ್ಟು ಬರುತ್ತದೆ. ಮಿಕ್ಕ ಮಕ್ಕಳು ಹಲ್ಲುಜ್ಜಿ ಸಾಲು ನಿಲ್ಲುವ ಮೊದಲೇ ನಿಸರ್ಗಳ ತಟ್ಟೆ ಖಾಲಿಯಾಗುತ್ತದೆ. ಆಗ ಗುರುಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಈ ಅರ್ಧ ಗಂಟೆ ಅವರ ಎದೆಯ ಮೇಲೆ ಕೂರುತ್ತದೆ.

ಗುರುಸಿದ್ದಮ್ಮ ಈ ಕೆಲಸಕ್ಕೆ ಸೇರಿದವರಲ್ಲ, ಅಡುಗೆಗೆ ಸೇರಿದವರು. ನೂರಕ್ಕೂ ಹೆಚ್ಚು ಹುಡುಗಿಯರಿಗೆ ಮೂರು ಹೊತ್ತಿನ ಊಟ. ರಾತ್ರಿಗೆ ಕೊಳಗದಲ್ಲಿ ಮುದ್ದೆ ತಿರುವಿ ತಿರುವಿ ಅವರ ಬಲಭುಜ ಎಡಭುಜಕ್ಕಿಂತ ತುಸು ಕೆಳಗೆ ಇಳಿದಿದೆ. ಗಂಡ ಪರಮಶಿವಯ್ಯ ಮೊದಲು ಮದುವೆ ಮನೆಗಳಿಗೆ ಅಡುಗೆಗೆ ಹೋಗುತ್ತಿದ್ದರು. ದೊಡ್ಡ ಪಾತ್ರೆಯ ಕೈಅಳತೆಯನ್ನು ಅವರಿಂದಲೇ ಕಲಿತದ್ದು. ಈಗ ಅವರು ಊರಲ್ಲಿ ಎರಡು ಹಸು ಕಟ್ಟಿಕೊಂಡಿದ್ದಾರೆ. ಗುರುಸಿದ್ದಮ್ಮ ಕೋಳಿ ಕೂಗುವ ಹೊತ್ತಿಗೆ ಎದ್ದು ಮೊದಲ ಬಸ್ಸು ಹಿಡಿಯುತ್ತಾರೆ.

ದುದ್ದದ ಕಡೆಯ ನಿಸರ್ಗ ಎಂಟನೇ ತರಗತಿಗೆ ಇಲ್ಲಿಗೆ ಬಂದಾಗ ಅವಳ ಚೀಲದಲ್ಲಿ ಪುಸ್ತಕದ ಜೊತೆ ಇನ್ಸುಲಿನ್ ಬಾಟಲಿ, ಸಿರಿಂಜುಗಳು, ರಕ್ತದಲ್ಲಿನ ಸಕ್ಕರೆ ನೋಡುವ ಪುಟ್ಟ ಯಂತ್ರ ಇದ್ದವು. ಕೆಲವು ಮಕ್ಕಳಿಗೆ ಎಳವೆಯಲ್ಲೇ ಬರುವ, ಜೀವನಪೂರ್ತಿ ಚುಚ್ಚಿಕೊಳ್ಳಲೇಬೇಕಾದ ಮಧುಮೇಹ ಅವಳದು. ವಾರ್ಡನ್ ಕನಕಲಕ್ಷ್ಮಿಯವರು ಹಿಂದೆಮುಂದೆ ನೋಡಿದರು. “ಹೆದರಿಕೆ ಆಗಿತ್ತು, ಸುಳ್ಳು ಯಾಕೆ ಹೇಳಲಿ? ಇಷ್ಟು ಮಕ್ಕಳ ನಡುವೆ ಒಬ್ಬಳ ಹೊತ್ತು ಯಾರು ಕಾಯೋದು ಅನ್ನಿಸಿತ್ತು,” ಎನ್ನುತ್ತಾರೆ ಅವರು. ಹುಡುಗಿಯ ತಾಯಿ ಮಾನಸಾ ಆಫೀಸಿನ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಅಕ್ಕಿ ಮೂಟೆ ಬಂದಿದೆಯೆಂದು ಹೇಳಲು ಅಲ್ಲಿಗೆ ಹೋದ ಗುರುಸಿದ್ದಮ್ಮ ಮಾತು ಕೇಳಿಸಿಕೊಂಡರು.

“ಊಟ ಹೊತ್ತಿಗೆ ಸರ್ಯಾಗಿ ಕೊಡಬೇಕು, ಅಷ್ಟೇ ತಾನೆ ಅಂದೆ ಸಾ. ಅದೇ ನನ್ ಕೆಲ್ಸ ಅಲ್ವಾ? ನಾ ನೋಡ್ಕತೀನಿ ಬುಡಿ ಮೇಡಂ ಅಂದ್ಬುಟ್ಟೆ. ಅದು ಅಷ್ಟೇ ಅಲ್ಲ ಅಂತ ಆಮೇಲೆ ಗೊತ್ತಾಯ್ತು.”

ಗಂಡ ಆ ರಾತ್ರಿ ರೇಗಿದರು. “ನಿಂಗೇನು ಗ್ರಾಚಾರ ಕೆಟ್ಟದಾ? ಆ ಮಗೀಗೆ ಏನಾರ ಆದ್ರೆ ಜೈಲಿಗೆ ಓಗೋಳು ನೀನು ಕಣಮ್ಮಿ, ವಾರ್ಡನ್ನಮ್ಮ ಅಲ್ಲ.” ಮುಂದಿನ ತಿಂಗಳು ನಿಸರ್ಗಳನ್ನು ತೋರಿಸಲು ಮಾನಸಾ ಹಾಸನದ ಆಸ್ಪತ್ರೆಗೆ ಹೊರಟಾಗ ಗುರುಸಿದ್ದಮ್ಮನವರೂ ರಜೆ ಹಾಕಿ ಜೊತೆಗೆ ಹೋದರು. ಅಲ್ಲಿ ಗೌತಮಿ ಎಂಬ ನರ್ಸ್ ಅವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಔಷಧಿ ತಪ್ಪಿದರೆ ಸಕ್ಕರೆ ಏರಿ ರಕ್ತ ವಿಷವಾಗುತ್ತದೆ. ಹೆಚ್ಚಾದರೆ ಇಳಿದು ಮಿದುಳಿಗೆ ಏಟು ಬೀಳುತ್ತದೆ. ಜ್ವರ ಬಂದರೂ ಇನ್ಸುಲಿನ್ ನಿಲ್ಲಿಸಬಾರದು, ಕೇಳದೆ ಅಳತೆ ಬದಲಿಸಬಾರದು. ಕೊನೆಗೆ ಗೌತಮಿ ಹೇಳಿದ ಮಾತು ಗುರುಸಿದ್ದಮ್ಮನವರಿಗೆ ಇವತ್ತಿಗೂ ಬಾಯಿಪಾಠ: “ಹಾಕ್ಕೊಂಡಿದಾಳೋ ಇಲ್ವೋ ಅಂತ ಅನುಮಾನ ಬಂದ್ರೆ, ಇನ್ನೊಂದು ಸಲ ಚುಚ್ಚಬೇಡಿ. ಸಕ್ಕರೆ ನೋಡಿ, ಮೊದಲು ನನಗೆ ಫೋನ್ ಮಾಡಿ.”

ಆದರೆ ಮೊದಲ ವರ್ಷ ಆದದ್ದು ತಪ್ಪಿದ ಡೋಸು. ದಸರಾ ರಜೆ ಮುಗಿಸಿ ಬಂದವಳು ಬಾಟಲಿಯನ್ನು ಮನೆಯಲ್ಲೇ ಮರೆತಿದ್ದಳು. ಬೈಗುಳಕ್ಕೆ ಹೆದರಿ ಯಾರಿಗೂ ಹೇಳಲಿಲ್ಲ. ಮೂರನೇ ದಿನ ವಾಂತಿ, ಏದುಸಿರು. ಹಾಸನದಲ್ಲಿ ಐಸಿಯು ಬಾಗಿಲಾಚೆ ರಾತ್ರಿಯಿಡೀ ಕೂತದ್ದನ್ನು ವಾರ್ಡನ್ ಮರೆತಿಲ್ಲ. “ಏನೇ ಆದ್ರೂ ಇನ್ಸುಲಿನ್ ತಪ್ಪಿಸಬೇಡಿ” ಎಂದು ಡಾಕ್ಟರು ಗದರಿದ್ದು ಅವರ ಕಿವಿಯಲ್ಲೇ ಉಳಿಯಿತು. ಮುಂದಿನ ವರ್ಷ ಅಷ್ಟೆಲ್ಲ ಜಟಿಲವಾದದ್ದು ಇದರಿಂದಲೇ.

ಕಳೆದ ಆಗಸ್ಟಿನ ಒಂದು ಬೆಳಿಗ್ಗೆ. ಹಾಸ್ಟೆಲ್ಲಿನಲ್ಲಿ ವೈರಲ್ ಜ್ವರ ಹರಡಿತ್ತು, ಹಿಂದಿನ ಸಂಜೆಯಿಂದ ನಿಸರ್ಗಳ ಮೈಯೂ ಬಿಸಿ. ಗುರುಸಿದ್ದಮ್ಮ ಹತ್ತಬೇಕಾದ ಮೊದಲ ಬಸ್ಸು ಅವತ್ತೇ ಕೆಟ್ಟು ದಾರಿಯಲ್ಲಿ ನಿಂತಿತ್ತು. ಹಾಲಿನ ವ್ಯಾನಿಗೆ ಕೈಯೊಡ್ಡಿ ಹಾಸ್ಟೆಲ್ಲು ಮುಟ್ಟುವಾಗ ಬಿಸಿಲು ಅಂಗಳಕ್ಕೆ ಇಳಿದಿದೆ. ನೇರ ಡಾರ್ಮಿಟರಿಗೆ ನಡೆಯುತ್ತಾರೆ. ನಿಸರ್ಗ ಹೊದ್ದು ಮಲಗಿದ್ದಾಳೆ. ತಿಂಡಿ ಮುಟ್ಟಿಲ್ಲ. ಮಂಚದ ಪಕ್ಕ ವಾರ್ಡನ್, ಕೈಯಲ್ಲಿ ತುಂಬಿದ ಸಿರಿಂಜು.

“ಬಂದ್ರಾ ಗುರುಸಿದ್ದಮ್ಮ? ಹಾಕ್ಕೊಂಡಿಲ್ವಂತೆ ಇವಳು. ಹೊತ್ತು ಮೀರಿ ಹೋಗಿದೆ. ಹೋದ ವರ್ಷದ ಥರ ಆಗೋದು ಬೇಡ, ನಾನೇ ಹಾಕಿಬಿಡ್ತೀನಿ.”

ಗುರುಸಿದ್ದಮ್ಮ ಹುಡುಗಿಯ ಹಣೆ ಮುಟ್ಟುತ್ತಾರೆ. ಜ್ವರದ ಬಿಸಿ ನಿರೀಕ್ಷಿಸಿದ ಕೈಗೆ ತಣ್ಣನೆ ಬೆವರು ಅಂಟುತ್ತದೆ.

“ಮಗಾ, ಹಾಕ್ಕಂಡ್ಯಾ ಇಲ್ವಾ?”

“ಇಲ್ಲ… ಗೊತ್ತಿಲ್ಲ ಅಮ್ಮ.”

“ಶೋಭಿತಾ, ನೀನು ನೋಡ್ದಾ?”

ಬಾಗಿಲಲ್ಲಿ ನಿಂತ ಶೋಭಿತಾ ತಬ್ಬಿಬ್ಬಾಗುತ್ತಾರೆ. “ಹಾಕ್ಕೋ ಅಂತ ಬಂದು ಹೇಳ್ಬುಟ್ಟು ಓದೆ ಅಕ್ಕ. ಒಲೆ ಮೇಲೆ ಹಾಲಿತ್ತು. ಹಾಕ್ಕಂಡಿದ್ದ ನಾ ನೋಡ್ನಿಲ್ಲ.”

ನೋಡಿದವರು ಯಾರೂ ಇಲ್ಲ. ವಾರ್ಡನ್ ಮಂಚಕ್ಕೆ ಇನ್ನೂ ಹತ್ತಿರ ಬರುತ್ತಾರೆ. “ಯೋಚನೆ ಮಾಡ್ತಾ ಕೂತ್ರೆ ಆಗಲ್ಲ. ಜ್ವರ ಇದ್ರೂ ನಿಲ್ಲಿಸಬಾರದು ಅಂತ ಡಾಕ್ಟರು ಹೇಳಿಲ್ವಾ?”

ಹೇಳಿದ್ದು ನಿಜ. ಐಸಿಯು ಕಂಡದ್ದೂ ನಿಜ. ಗುರುಸಿದ್ದಮ್ಮನವರಿಗೆ ಆ ಕ್ಷಣ ಯಾವುದು ಸರಿ ಎಂದು ಖಾತ್ರಿ ಇರಲಿಲ್ಲ. “ಚುಚ್ಚದೆ ಓಗಿ ಮಗೀಗೆ ಮತ್ತೆ ಅಂಗಾದ್ರೆ ನಾನೇ ತಡ್ದೆ ಅಂತ ಆಯ್ತದೆ. ಚುಚ್ಚಿ ಸಕ್ಕರೆ ಇಳ್ದೋದ್ರೆ? ಎರಡರಲ್ಲಿ ಒಂದು ಮಾಡ್ಲೇಬೇಕಲ್ಲ.” ಅವರು ಹೋಗಿ ವಾರ್ಡನ್ ಮತ್ತು ಮಂಚದ ನಡುವೆ ನಿಂತರು.

“ಬ್ಯಾಡಿ ಮೇಡಂ. ಮೊದ್ಲು ಸಕ್ಕರೆ ನೋಡಣ.”

“ಏನಾದ್ರೂ ಆದ್ರೆ?”

“ನನ್ ಮೇಲೇ ರಿಪೋರ್ಟ್ ಬರೀರಿ. ಚುಚ್ಚಕ್ ಮಾತ್ರ ಬುಡಕ್ಕಿಲ್ಲ.”

ಯಂತ್ರಕ್ಕೆ ರಕ್ತದ ಹನಿ ಮುಟ್ಟಿಸುತ್ತಾರೆ. ಎಪ್ಪತ್ತೊಂದು. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ. ಜ್ವರ ಬಂದಾಗಲೆಲ್ಲ ಇನ್ನೂರು ದಾಟುತ್ತಿದ್ದ ಹುಡುಗಿ ಇವಳು. ವಾರ್ಡನ್ ಸಿರಿಂಜನ್ನು ನಿಧಾನವಾಗಿ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಾರೆ. ಗುರುಸಿದ್ದಮ್ಮ ಆಗಲೇ ಬಾಗಿಲ ಕಡೆಗೆ ಕೂಗುತ್ತಿದ್ದಾರೆ: “ಶೋಭಿತಾ, ಸಕ್ಕರೆ ನೀರು! ಗಟ್ಟಿಯಾಗೆ ಕದಡು!”

ನಿಸರ್ಗ ಎರಡು ಗುಟುಕು ಕುಡಿದು ಕಾರಿಕೊಳ್ಳುತ್ತಾಳೆ. ಇನ್ನೆರಡು ಗುಟುಕು, ಮತ್ತೆ ವಾಂತಿ. ಚಮಚದಲ್ಲಿ, ತುಟಿ ಒದ್ದೆ ಮಾಡುವಷ್ಟು ಮಾತ್ರ, ಗುರುಸಿದ್ದಮ್ಮ ಕುಡಿಸುತ್ತಲೇ ಇರುತ್ತಾರೆ. ವಾರ್ಡನ್ ೧೦೮ಕ್ಕೆ ಫೋನ್ ಹಚ್ಚಿದ್ದಾರೆ. ಹತ್ತಿರದ ಆಂಬುಲೆನ್ಸ್ ಬೇರೊಂದು ಊರಿಗೆ ಹೆರಿಗೆಗೆ ಹೋಗಿದೆ. ಎರಡನೇ ಸಲ ನೋಡಿದಾಗ ಯಂತ್ರ ತೋರಿಸಿದ್ದು ಐವತ್ತೆಂಟು. ಅಷ್ಟು ಸಕ್ಕರೆ ಒಳಗೆ ಹೋದರೂ ಇಳಿಯುತ್ತಿದೆ.

“ಆಗ ಗೊತ್ತಾಯ್ತು ಸಾ, ಒಳಗೆ ಔಸ್ದಿ ಕೆಲ್ಸ ಮಾಡ್ತಾ ಅದೆ ಅಂತ. ಎಷ್ಟು ಓಗದೆ ಅನ್ನೋದು ಮಾತ್ರ ಗೊತ್ತಿಲ್ಲ.”

ಹಾಸ್ಟೆಲ್ಲಿಗೆ ತರಕಾರಿ ಇಳಿಸಲು ಬಂದಿದ್ದ ಶಾಂತರಾಜು ತನ್ನ ಗೂಡ್ಸ್ ಆಟೋದಿಂದ ಉಳಿದಿದ್ದ ಟೊಮೆಟೊ ಕ್ರೇಟುಗಳನ್ನು ರಸ್ತೆಗೇ ಎತ್ತಿಹಾಕುತ್ತಾರೆ. ಹಿಂದೆ ಹಾಸಿಗೆ ಹಾಸಿ ಹುಡುಗಿಯನ್ನು ಮಲಗಿಸುತ್ತಾರೆ. ಒಂದು ಕಡೆ ಗುರುಸಿದ್ದಮ್ಮ, ಮಡಿಲಲ್ಲಿ ಸಕ್ಕರೆ ಡಬ್ಬ. ಇನ್ನೊಂದು ಕಡೆ ವಾರ್ಡನ್, ಕಿವಿಗೆ ಫೋನು. ಆಟೋ ಹೊಳೆನರಸೀಪುರದ ದಾರಿ ಹಿಡಿಯುತ್ತದೆ.

ಅರ್ಧ ದಾರಿಯಲ್ಲಿ ನಿಸರ್ಗಳ ಕುತ್ತಿಗೆ ವಾಲಿತು. ಕರೆದರೆ ಓಗೊಡಲಿಲ್ಲ. ವಾರ್ಡನ್ ಹೆದರಿ ಬಾಟಲಿಯ ನೀರನ್ನು ಬಾಯಿಗೆ ಸುರಿಯಲು ಹೋದಾಗ, ಅಷ್ಟು ಹೊತ್ತು ಸಿಗದಿದ್ದ ಗೌತಮಿ ಫೋನಿಗೆ ಸಿಕ್ಕರು.

“ನೀರು ಹಾಕಬೇಡಿ! ಉಸಿರಿಗೆ ಹೋಗತ್ತೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಸಕ್ಕರೆನ ಬೆರಳಲ್ಲಿ ಸ್ವಲ್ಪ ತಗೊಂಡು ಕೆನ್ನೆ ಒಳಗಡೆ ಉಜ್ಜಿ. ಹಲ್ಲಿನ ಮಧ್ಯೆ ಬೆರಳು ಇಡಬೇಡಿ. ಗಾಡಿ ನಿಲ್ಲಿಸಬೇಡಿ.”

ಗುರುಸಿದ್ದಮ್ಮ ಉಜ್ಜುತ್ತಾರೆ. ಬೆರಳು ಒದ್ದೆ ಮಾಡಿ, ಸಕ್ಕರೆಗೆ ಅದ್ದಿ, ಕೆನ್ನೆಯ ಒಳಬದಿಗೆ ಸವರಿ, ಮತ್ತೆ ಅದ್ದಿ. ಆಟೋ ಹಾರಿದಾಗಲೆಲ್ಲ ಡಬ್ಬ ಚೆಲ್ಲುತ್ತದೆ, ಸೀರೆಯ ನೆರಿಗೆಯಿಂದ ಬಳಿದುಕೊಳ್ಳುತ್ತಾರೆ. ಬಾಯಲ್ಲಿ ಒಂದೇ ಮಾತು: “ಮಗಾ, ಇಲ್ಲವ್ನಿ ಕಣೆ. ಇಲ್ಲೇ ಅವ್ನಿ.” ಶಾಂತರಾಜು ಹಾರ್ನಿನ ಮೇಲಿಟ್ಟ ಕೈ ತೆಗೆಯುವುದಿಲ್ಲ. “ಹಿಂದೆ ತಿರುಗಿ ನೋಡೋ ಧೈರ್ಯ ಬರ್ನಿಲ್ಲ ಸಾ ನಂಗೆ,” ಎನ್ನುತ್ತಾರೆ ಅವರು ಈಗ. “ಆಯಮ್ಮನ ದನಿ ಕೇಳ್ತಾ ಇತ್ತು. ಅದು ನಿಂತೋಯ್ತದೇನೋ ಅಂತ ಜೀವ ಕೈಲಿ ಹಿಡ್ಕಂಡು ಓಡಿಸ್ದೆ.”

ಆಸ್ಪತ್ರೆಯಲ್ಲಿ ಗ್ಲೂಕೋಸ್ ನೇರ ರಕ್ತನಾಳಕ್ಕೆ ಹೋಯಿತು. ಹೊರಗಿನ ಬೆಂಚಿನ ಮೇಲೆ ಕೂತ ಗುರುಸಿದ್ದಮ್ಮನವರಿಗೆ ತಾನು ಚಪ್ಪಲಿ ಹಾಕಿಲ್ಲವೆಂದು ಗೊತ್ತಾದದ್ದು ಆಗ. ಪಕ್ಕದಲ್ಲಿ ಕನಕಲಕ್ಷ್ಮಿ ತಮ್ಮ ಎರಡೂ ಕೈಗಳನ್ನು ನೋಡಿಕೊಳ್ಳುತ್ತಾ ಕೂತಿದ್ದರು. ಒಳಗಿನಿಂದ ಕರೆ ಬಂತು. ನಿಸರ್ಗ ಕಣ್ಣು ತೆರೆದಿದ್ದಳು. ಮುಖ ಮುಟ್ಟಿಕೊಂಡು, ಬಹಳ ಬೇಸರದ ದನಿಯಲ್ಲಿ ಅವಳು ಆಡಿದ ಮೊದಲ ಮಾತು: “ಅಮ್ಮ, ಕೆನ್ನೆಯೆಲ್ಲ ಅಂಟು ಅಂಟು.”

“ಅವಾಗ ಅತ್ತೆ ನೋಡಿ ಸಾ. ಅಲ್ಲಿವರ್ಗೂ ಒಂದು ಹನಿ ಬಂದಿರ್ನಿಲ್ಲ.”

ನಡೆದದ್ದೇನೆಂದು ಹುಡುಗಿ ನೆನಪಿಸಿಕೊಂಡು ಹೇಳಿದ್ದು ಮಾರನೇ ದಿನ, ಹೊಳೆನರಸೀಪುರದಿಂದ ಕಳಿಸಿದ್ದ ಹಾಸನದ ಆಸ್ಪತ್ರೆಯ ವಾರ್ಡಿನಲ್ಲಿ. ಜ್ವರದ ಮಂಪರಲ್ಲಿ ಎದ್ದು, ಅಡುಗೆಮನೆಗೆ ಹೋಗುವ ಶಕ್ತಿಯಿಲ್ಲದೆ, ಮಂಚದಲ್ಲೇ ಇನ್ಸುಲಿನ್ ಹಾಕಿಕೊಂಡು ಮಲಗಿದ್ದಳು. ಆಮೇಲೆ ಶೋಭಿತಾ ಬಂದು ಎಬ್ಬಿಸಿ ಹಾಕ್ಕೋ ಎಂದಾಗ ಸಂಜೆಯಾಗಿದೆ ಎಂದುಕೊಂಡು ಇನ್ನೊಮ್ಮೆ ಹಾಕಿಕೊಂಡಿದ್ದಳು. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ವಾರ್ಡನ್ ಕೈಯಲ್ಲಿದ್ದದ್ದು ಮೂರನೆಯದು. ಅದೂ ಹೋಗಿದ್ದರೆ ಆಸ್ಪತ್ರೆಗೆ ತಲುಪುವಷ್ಟು ಹೊತ್ತು ಸಿಗುತ್ತಿರಲಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

ಹತ್ತು ದಿನದ ಮೇಲೆ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ಅಡುಗೆಯವರಿಗೂ ಮಕ್ಕಳ ಔಷಧಿಗೂ ಏನು ಸಂಬಂಧ, ಅನುಮತಿ ಕೊಟ್ಟವರು ಯಾರು ಎಂಬುದು ಅವರ ಪ್ರಶ್ನೆ. ಗುರುಸಿದ್ದಮ್ಮ ಗೋಡೆ ಹಿಡಿದು ನಿಂತಿದ್ದರು. ಕೆಲಸ ಹೋಯಿತೆಂದೇ ಎಣಿಸಿದ್ದರು. ಕನಕಲಕ್ಷ್ಮಿ ಎದ್ದು ನಿಂತು, “ಚುಚ್ಚೋಕೆ ಹೋಗಿದ್ದು ನಾನು ಸರ್. ತಡೆದಿದ್ದು ಇವರು. ಕ್ರಮ ತಗೊಳ್ಳೋದಾದ್ರೆ ನನ್ನಿಂದ ಶುರು ಮಾಡಿ,” ಎಂದರು. ಅಧಿಕಾರಿ ಚಹಾ ಕುಡಿದು, ಮುಂದೆ ಎಚ್ಚರದಿಂದಿರಿ ಎಂದಷ್ಟೇ ಹೇಳಿ ಹೋದರು.

ಮನೆಗೆ ಕರೆದುಕೊಂಡು ಹೋಗುತ್ತೇನೆಂದು ಮಾನಸಾ ಹಟ ಹಿಡಿದಿದ್ದರು. ಒಲ್ಲೆನೆಂದವಳು ನಿಸರ್ಗಳೇ. “ನಮ್ಮನೇಲೂ ಯಾರೋ ಒಬ್ಬರು ಮರೀಬಹುದು. ಇಲ್ಲಿ ಈಗ ಯಾರೂ ಮರೆಯಲ್ಲ,” ಎನ್ನುತ್ತಾಳೆ ಅವಳು, ಬೆಳಿಗ್ಗೆಯ ತಟ್ಟೆ ತೊಳೆದಿಡುತ್ತಾ. ಅಂದಿನಿಂದ ಇನ್ಸುಲಿನ್ ಅವಳ ಪೆಟ್ಟಿಗೆಯಲ್ಲಿರುವುದಿಲ್ಲ, ಆಫೀಸಿನ ಫ್ರಿಜ್ಜಿನಲ್ಲಿರುತ್ತದೆ. ಚುಚ್ಚಿಕೊಳ್ಳುವುದು ಅವಳೇ, ಅಡುಗೆಮನೆಯಲ್ಲೇ, ಯಾರಾದರೂ ಒಬ್ಬರು ಕಣ್ಣಾರೆ ನೋಡುವಾಗಲೇ. ಕಾಯಿಲೆ ಬಿದ್ದ ದಿನ ಅಡುಗೆಮನೆಯೇ ಅವಳ ಮಂಚದ ಬಳಿಗೆ ಹೋಗುತ್ತದೆ.

ಗುರುಸಿದ್ದಮ್ಮನವರಿಗೆ ಇದರಿಂದ ಸಂಬಳ ಏರಿಲ್ಲ, ಸನ್ಮಾನವಾಗಿಲ್ಲ. ಅದರ ಮಾತೂ ಅವರು ಎತ್ತುವುದಿಲ್ಲ. ಪರಮಶಿವಯ್ಯ ಈಗ ರೇಗುವುದಿಲ್ಲ. ಮೊದಲ ಬಸ್ಸು ತಪ್ಪಿದರೆ ಮೊಪೆಡ್ ತೆಗೆದು ತಾವೇ ಬಿಟ್ಟುಬರುತ್ತಾರೆ. ಏನಾದರೂ ಬೇಕೆನ್ನಿಸುತ್ತದೆಯೇ ಎಂದು ಕೇಳಿದರೆ, ಸೊಪ್ಪು ಸೋಸುವ ಕೈ ನಿಲ್ಲಿಸಿ ಯೋಚಿಸುತ್ತಾರೆ.

“ನಾನೊಬ್ಳೇ ಕಲ್ತಿದ್ದೆ ನೋಡಿ, ಅದೇ ತಪ್ಪಾಗಿದ್ದು. ಬಸ್ಸು ಕೆಡ್ತು, ಮಗು ಸಾಯಕ್ ಓಗಿತ್ತು. ಈಗ ಶೋಭಿತಂಗೂ ಕಲ್ಸಿವ್ನಿ, ಮೇಡಂಗೂ ಗೊತ್ತು. ಎಲ್ಲ ಹಾಸ್ಟೆಲ್ನಾಗೂ ಇಬ್ರು ಮೂರು ಜನಕ್ಕಾದ್ರೂ ಆ ನರ್ಸಮ್ಮ ಬಂದು ಹೇಳ್ಕೊಡಂಗಾಗ್ಬೇಕು ಸಾ. ನಾ ಒಂದಿನ ಬರ್ದಿದ್ರೂ ಮಗು ನೆಟ್ಟಗಿರ್ಬೇಕು.”

ಮಾತು ಮುಗಿಯುವಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ನೆರಳು ಕಾಣುತ್ತದೆ. ಅರಕಲಗೂಡಿನ ಕಡೆಯಿಂದ ಬಂದ ಹೆಂಗಸು, ಪಕ್ಕದಲ್ಲಿ ಆರನೇ ತರಗತಿಗೆ ಸೇರಬೇಕಾದ ಮಗಳು. ಚನ್ನರಾಯಪಟ್ಟಣದಲ್ಲೂ ಕೇಳಿ ಬಂದಿದ್ದಾರೆ; ಚುಚ್ಚಿಕೊಳ್ಳುವ ಮಗುವನ್ನು ಇಟ್ಟುಕೊಳ್ಳಲು ಯಾರೂ ಒಪ್ಪಿಲ್ಲ. “ಅಡುಗೆ ಗುರುಸಿದ್ದಮ್ಮ ಅಂದ್ರೆ ನೀವೇನಾ ಅಕ್ಕ? ಹಾಸನದ ಆಸ್ಪತ್ರೇಲಿ ಹೇಳಿದ್ರು, ಅವ್ರನ್ನ ಕೇಳಿ ಅಂತ. ಆಫೀಸಿಗೆ ಆಮೇಲೆ ಓಯ್ತೀವಿ.” ಔಷಧಿಯ ಚೀಲವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿಯುತ್ತಾರೆ.

ಗುರುಸಿದ್ದಮ್ಮ ಚೀಲ ತೆಗೆದುಕೊಳ್ಳುವುದಿಲ್ಲ. ಕೈ ಒರೆಸಿಕೊಂಡು ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ.

“ಸೂಜಿ ಮಾತು ಆಮೇಲೆ ಆಡಣ ಮಗಾ. ಊಟದಾಗೆ ನಿಂಗೆ ಏನ್ ಕಂಡ್ರೆ ಆಗಕ್ಕಿಲ್ಲ? ಮೊದ್ಲು ಅದ್ನ ಹೇಳು.”

ಹುಡುಗಿ ಅಮ್ಮನ ಮುಖ ನೋಡಿ, ನೆಲ ನೋಡಿ, ಕೇಳಿಸಿತೋ ಇಲ್ಲವೋ ಎಂಬಂತೆ ಅನ್ನುತ್ತಾಳೆ: “ಮುದ್ದೆ.”

ಬೆಳಗಿನಿಂದ ಒಮ್ಮೆಯೂ ಸಡಿಲಾಗದ ಗುರುಸಿದ್ದಮ್ಮನವರ ಮುಖದಲ್ಲಿ ಈಗ ನಗು ಒಡೆಯುತ್ತದೆ.

“ಅಯ್ಯೋ ಅದಾ? ನನ್ ಕೈ ಮುದ್ದೆ ನೀನಿನ್ನೂ ಉಂಡಿಲ್ಲ ಕಣೆ!”